ಡ್ರ್ಯಾಗನ್ ಬಂದ, ನಾನು ಹೋಗಲಿಲ್ಲ

ಹೋದ ವರ್ಷದ ಪಂಚಮಿಗೆ ನಾನು ನನ್ನ ತಂಗಿಯನ್ನು ಕರೆತರಲಿಲ್ಲ. ಬರುತ್ತೇನೆಂದು ಹೇಳಿ, ಮನೆಯಿಂದ ಹೊರಟು, ಅರ್ಧ ದಾರಿ ಮುಟ್ಟಿ, ಅಲ್ಲಿಂದ ತಿರುಗಿ ಬಂದೆ. ಕಾರಣ ಹೇಳಿದರೆ ನಗುತ್ತೀರಿ. ನಗಿರಿ, ಬೇಡ ಎನ್ನುವುದಿಲ್ಲ. ಆದರೆ ಪೂರ್ತಿ ಕೇಳಿದ ಮೇಲೆ ನಗಿರಿ. ಕಾರಣ ಒಂದು ಡ್ರ್ಯಾಗನ್.

ಇದನ್ನು ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಈ ಸಲ ಪಂಚಮಿ ಹತ್ತಿರ ಬಂದಾಗ, ಒಂದು ಬೆಳಿಗ್ಗೆ ನಮ್ಮ ಹಿಟ್ಟಿನ ಗಿರಣಿಗೆ ಜೋಳದ ಚೀಲ ಹೊತ್ತು ಒಂದು ಆಟೋ ಬಂತು. ಅದರ ಬೆನ್ನಿಗೆ ಹಸಿರು ಬಣ್ಣದ ಡ್ರ್ಯಾಗನ್ ಸ್ಟಿಕರ್. ಬಾಯಲ್ಲಿ ಬೆಂಕಿ, ಮೂಗಿನ ಕೆಳಗೆ ಎರಡು ಉದ್ದ ಮೀಸೆ. ನಾನು ಚೀಲ ಇಳಿಸುವುದನ್ನು ಬಿಟ್ಟು ಅದನ್ನೇ ನೋಡುತ್ತ ನಿಂತುಬಿಟ್ಟೆ.

“ಏನ್ ನೋಡ್ಲಾಕತ್ತೀರಿ ಶೇಟ, ಕಚ್ಚಾಂಗಿಲ್ಲ ಅದು” ಎಂದ ಆಟೋದವನು.

ಅದು ನನಗೆ ಕಚ್ಚಿ ಒಂದು ವರ್ಷವಾಗಿದೆ ಎಂದು ಅವನಿಗೆ ಹೇಗೆ ಹೇಳಲಿ?

ನನ್ನ ಪರಿಚಯ ದೊಡ್ಡದೇನಿಲ್ಲ. ಊರು ಗಡಿಯಾಚೆ ಮರಾಠಿ ಸೀಮೆಯ ಉಮರ್ಗಾ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಗಿರಣಿಗೆ ಬಂದವನು ಇನ್ನೂ ಅಲ್ಲೇ ಇದ್ದೇನೆ. ವರ್ಷವಿಡೀ ಹುಬ್ಬು ಬೆಳ್ಳಗೆ ಇರುವುದರಿಂದ ಈಗ ನಿಜವಾಗಿ ನರೆತರೂ ಯಾರಿಗೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಅವ್ವ ಇದ್ದಾಳೆ. ಒಬ್ಬಳೇ ತಂಗಿ ಜಗದೇವಿ. ನಮಗೆಲ್ಲ ಜಗು. ಅವಳನ್ನು ಉದಗೀರದ ಕಿರಾಣಿ ಅಂಗಡಿಯವರ ಮನೆಗೆ ಕೊಟ್ಟಿದ್ದೇವೆ.

ಪಂಚಮಿಗೆ, ದೀಪಾವಳಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಆದರೆ ನಮ್ಮ ಕಡೆ ತಾವಾಗಿ ಬರುವುದಿಲ್ಲ. ಅಣ್ಣನೋ ತಮ್ಮನೋ ಬುತ್ತಿ ಕಟ್ಟಿಕೊಂಡು ಹೋಗಿ, ಬೀಗರ ಮನೆಯ ಕಟ್ಟೆಯ ಮೇಲೆ ಕುಳಿತು, ಚಹಾ ಕುಡಿದು, ಹಿರಿಯರನ್ನು ಬಾಯಿಬಿಟ್ಟು ಕೇಳಬೇಕು: “ನಮ್ಮ ಹುಡುಗೀಗಿ ಹಬ್ಬಕ್ಕ ಕಳಸ್ರಿ.” ಬೀಗರು ಮೊದಲು ಆಗುವುದಿಲ್ಲ ಎನ್ನಬೇಕು. ನಾವು ಮತ್ತೆ ಕೇಳಬೇಕು. ಅವಳು ಒಳಗೆ ಬ್ಯಾಗು ಕಟ್ಟಿಟ್ಟುಕೊಂಡೇ ಕಿವಿಗೊಟ್ಟು ನಿಂತಿರಬೇಕು. ಹೀಗೆ ಕರೆಯಲು ಹೋಗುವವನಿಗೆ ಮುರಾಳಿ ಎನ್ನುತ್ತಾರೆ. ಮಾತು ಮರಾಠಿಯದು. ಮನೆಯಲ್ಲಿ ಕನ್ನಡ ಆಡುವ ನಾವೂ ಅದನ್ನೇ ಅನ್ನುತ್ತೇವೆ. ಬಸ್ಸು ಮನೆಯ ಬಾಗಿಲ ಮುಂದೆಯೇ ನಿಂತರೂ, ಮುರಾಳಿ ಬಾರದೆ ಹೆಣ್ಣುಮಗಳು ಹೊಸ್ತಿಲು ದಾಟುವುದಿಲ್ಲ. ದಾಟಿದರೆ ಓಣಿಯ ಬಾಯಿಗೆ ಬೀಳುತ್ತಾಳೆ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಅದು.

ಇನ್ನು ಡ್ರ್ಯಾಗನ್. ಆ ಪಂಚಮಿಗಿಂತ ಮೊದಲಿನ ದೀಪಾವಳಿಗೆ ಜಗು ಬಂದಿದ್ದಳು. ಆಗ ನಾನೇ ಹೋಗಿ ಕರೆತಂದಿದ್ದೆ. ಒಂದು ಮಧ್ಯಾಹ್ನ ಗಿರಣಿಯ ಹಿಂಬಾಗಿಲಲ್ಲಿ ಬೋರಲು ಹಾಕಿದ ಡಬ್ಬಿಯ ಮೇಲೆ ಕುಳಿತು ಮೊಬೈಲಿನಲ್ಲಿ ಏನೋ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಬಗ್ಗಿ ನೋಡಿದೆ. ಮೋಡದಲ್ಲಿ ಏನೋ ಈಜುತ್ತಿತ್ತು.

“ಇದೇನ ಜಗು, ಹಾವಿಗಿ ಮೀಸಿ ಬಂದಾವಲ್ಲ?”

“ಹಾವಲ್ಲ ಅಣ್ಣಾ, ಡ್ರ್ಯಾಗನ್.”

“ಥೇಟ್ ನಮ್ಮ ಔರಾದ ಮಾಮಾ ಕಂಡಾಂಗ ಕಾಣ್ತಾನ.”

ಅಳುತ್ತಿದ್ದವಳು ನಕ್ಕುಬಿಟ್ಟಳು. “ಸುಮ್ಕ ಕೂಡು ಇಲ್ಲಿ. ಒಂದೇ ಭಾಗ ನೋಡು. ಛಲೋ ಅನಿಸ್ಲಿಲ್ಲಂದ್ರ ಎದ್ದು ಹೋಗು.”

ನಾನು ಏಳಲಿಲ್ಲ. ಗಿರಣಿಯ ಬಾಯಲ್ಲಿ ಗೋಧಿ ಮುಗಿದು ಕಲ್ಲು ಬರಿದೇ ತಿರುಗಿ ಸುಟ್ಟ ವಾಸನೆ ಬಂದಾಗಲೇ ಎದ್ದದ್ದು.

ಅದು ಯಾವುದೋ ದೂರದೇಶದ ಡ್ರಾಮಾ. ಹಿಂದಿಯಲ್ಲಿ ಮಾತು ಕೂಡಿಸಿದ್ದರು. ಕಥೆ ಇಷ್ಟೇ. ಬೆಟ್ಟದ ಮೇಲಿನ ಕೆರೆಯೊಂದರಲ್ಲಿ ಒಬ್ಬ ಡ್ರ್ಯಾಗನ್ ಇದ್ದಾನೆ. ಮನಸ್ಸು ಬಂದಾಗ ಮನುಷ್ಯನಾಗುತ್ತಾನೆ. ಕೆರೆಯ ದಂಡೆಯಲ್ಲಿ ದೀಪ ಮಾಡಿ ಮಾರುವ ಹುಡುಗಿಯೊಬ್ಬಳ ಮೇಲೆ ಅವನಿಗೆ ಮನಸ್ಸಾಗುತ್ತದೆ. ಅಷ್ಟರಲ್ಲಿ ಅವಳನ್ನು ಹಿಮದ ನಾಡಿನ ಕೋಟೆಯೊಂದಕ್ಕೆ ಒಯ್ದು ಇಡುತ್ತಾರೆ. “ಬರ್ತೀನಿ” ಎಂದು ಅವನು ಮಾತು ಕೊಟ್ಟಿದ್ದಾನೆ. ಆದರೆ ಅವನು ಕೆರೆ ಬಿಟ್ಟರೆ ಕೆರೆ ಬತ್ತಿಹೋಗುತ್ತದೆ, ಊರಿಗೆ ನೀರಿಲ್ಲ. ಅವಳು ಕೋಟೆಯ ಕಿಟಕಿಯಲ್ಲಿ ದಿನಾ ಒಂದು ದೀಪ ಹಚ್ಚಿ ಕಾಯುತ್ತಾಳೆ. ಬರುತ್ತಾನೋ, ಬರುವುದಿಲ್ಲವೋ? ಇದನ್ನೇ ತಿಂಗಳುಗಟ್ಟಲೆ ಎಳೆದರು. ನಾವೂ ಅದರ ಬೆನ್ನು ಹತ್ತಿ ಹೋದೆವು.

ಸುಳ್ಳು ಎಂದು ಗೊತ್ತಿದ್ದೂ ಯಾಕೆ ಅಳು ಬರುತ್ತದೋ ನನಗೆ ತಿಳಿಯದು. ಆ ಹುಡುಗಿ ದೀಪಕ್ಕೆ ಎಣ್ಣೆ ಹಾಕುವಾಗ ನಾನು ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ. ಗಿರಣಿಯಲ್ಲಿ ಅಳುವುದಕ್ಕೆ ಒಂದು ತೊಂದರೆ ಇದೆ. ಹಿಟ್ಟು, ಕಣ್ಣೀರು ಎರಡೂ ಸೇರಿ ಕೆನ್ನೆಯ ಮೇಲೆ ಕಣಕವಾಗುತ್ತದೆ. “ಯಾಕೋ ಈರಣ್ಣ, ಮಾರಿಗಿ ಏನ್ ಹಚ್ಚಿ?” ಎಂದು ಅವ್ವ ಕೇಳಿದರೆ ಬೆವರು ಎನ್ನುತ್ತಿದ್ದೆ. ಚಳಿಗಾಲದಲ್ಲೂ ಬೆವರುತ್ತಿದ್ದೆ.

ಅದರಿಂದ ಒಂದು ದೊಡ್ಡ ಲಾಭವಾಗಿತ್ತು. ಮೊದಲು ನನ್ನ, ಜಗುವಿನ ಫೋನ್ ಮಾತು ಎಂದರೆ ಹೀಗೆ.

“ಉಂಡ್ಯಾ?”

“ಉಂಡೆ. ನೀ?”

“ಉಂಡೆ. ಫೋನ್ ಇಡ್ಲಿ?”

“ಇಡು.”

ಡ್ರ್ಯಾಗನ್ ಬಂದ ಮೇಲೆ ನಮ್ಮ ಮಾತಿಗೆ ಕೊನೆಯೇ ಇಲ್ಲದಂತಾಯಿತು. ಕೋಟೆಯ ಮುದುಕಿ ಹೀಗೆಂದಳು, ಕೆರೆಯ ನೀರು ಇಷ್ಟು ಇಳಿಯಿತು ಎಂದು ಶುರುವಾದರೆ, ಅದರ ಸಂದಿಯಲ್ಲಿ ಜಗುವಿನ ಅತ್ತೆ, ಅಂಗಡಿ, ಅವಳ ಬೆನ್ನುನೋವು ಎಲ್ಲ ಬಂದುಹೋಗುತ್ತಿದ್ದವು. ಕಥೆಯಲ್ಲಿ ಪ್ರೀತಿ ಧಾರಾಳವಾಗಿತ್ತು. ಅಣ್ಣ ತಂಗಿ ಅದನ್ನು ಮಾತಾಡುವುದು ಹೇಗೆ? ಆ ಜಾಗ ಬಂದರೆ ಇಬ್ಬರೂ “ಅದಿರ್ಲಿ, ಆಮ್ಯಾಲ?” ಎಂದು ದಾಟಿಬಿಡುತ್ತಿದ್ದೆವು, ರಸ್ತೆಯಲ್ಲಿ ನೀರು ನಿಂತ ಗುಂಡಿ ದಾಟಿದ ಹಾಗೆ.

ಒಂದು ದಿನ ನಾನೆಂದೆ, “ಇಂವಾ ಹೋಗಿ ಒಮ್ಮೆ ಬಾಯಿ ತೆರೆದ್ರ ಸಾಕು. ಕ್ವಾಟಿ ಸುಟ್ಟು ಬೂದಿ.”

“ಸುಡಬಾರ್ದು ಅಣ್ಣಾ.”

“ಮತ್ತ ಬೆಂಕಿ ಯಾತಕ್ಕ ಕೊಟ್ಟಾನ ದೇವ್ರು?”

“ಸುಟ್ಟು ಒಯ್ದ್ರ ಆಕಿ ಓಡಿ ಹೋದಾಂಗ ಆಗ್ತದ. ಬಾಗಲಾ ಬಡದು ಕೇಳ್ಬೇಕು. ಇಕೀಗಿ ನನ್ನ ಜತಿ ಕಳಸ್ರಿ ಅಂತ ಎಲ್ಲಾರ ಮುಂದ ಕೇಳ್ಬೇಕು. ಅಂದ್ರ ಆಕೀದೂ ಒಂದು ಮಾನ ಇರ್ತದ.”

ಅವಳ ದನಿ ಸಣ್ಣದಾಗಿತ್ತು. ನಾನು ಅದನ್ನೂ ಪ್ರೀತಿಯ ಗುಂಡಿ ಎಂದೇ ತಿಳಿದೆ. “ಅದಿರ್ಲಿ, ಆಮ್ಯಾಲ?” ಎಂದೆ.

ಹೋದ ವರ್ಷ ಪಂಚಮಿಯ ಹಿಂದಿನ ದಿನ ಅವ್ವ ನಸುಕಿನಲ್ಲೇ ಎದ್ದು ಜೋಳದ ಅಳ್ಳು ಹುರಿದು, ಶೇಂಗಾದ ಉಂಡಿ ಕಟ್ಟಿ, ಚೀಲ ತುಂಬಿ ಕೈಗೆ ಕೊಟ್ಟಳು. “ಫೋನ್ ನೋಡ್ಕೋತ ಹೋಗಬ್ಯಾಡ. ಕೂಸು ಮುಂಜಾನಿಂದ ಬ್ಯಾಗ ಹಿಡ್ಕೊಂಡು ಕುಂತಿರ್ತದ” ಎಂದಳು. ಅಂಗಳದ ಬೇವಿನ ಮರಕ್ಕೆ ಆಗಲೇ ಜೋಕಾಲಿ ಕಟ್ಟಿಯಾಗಿತ್ತು.

ಉಮರ್ಗಾದಿಂದ ನಿಲಂಗಾಕ್ಕೆ ಒಂದು ಬಸ್ಸು, ಅಲ್ಲಿಂದ ಉದಗೀರಕ್ಕೆ ಇನ್ನೊಂದು. ಈ ಕೆಂಪು ಬಸ್ಸಿಗೆ ನಮ್ಮಲ್ಲಿ ಲಾಲಪರಿ, ಎಂದರೆ ಕೆಂಪು ಕಿನ್ನರಿ, ಎನ್ನುತ್ತಾರೆ. ಪರಿಗೂ ರೆಕ್ಕೆಯಿಲ್ಲ, ನಮ್ಮ ಡ್ರ್ಯಾಗನ್ನಿಗೂ ಇಲ್ಲ. ಆದರೆ ಡ್ರ್ಯಾಗನ್ ಹಾರುತ್ತಾನೆ.

ನಿಲಂಗಾದ ಸ್ಟ್ಯಾಂಡಿನಲ್ಲಿ ಇಳಿದು ಬೆಂಚಿನ ಮೇಲೆ ಕುಳಿತೆ. ಸುಮ್ಮನೆ ಫೋನ್ ತೆಗೆದೆ. ಡ್ರಾಮಾದ ಕೊನೆಯ ಭಾಗ ಅವತ್ತೇ ಬೆಳಿಗ್ಗೆ ಬಂದಿತ್ತು. ಬಸ್ಸು ಬರುವವರೆಗೆ ಸ್ವಲ್ಪ ನೋಡೋಣ ಎಂದುಕೊಂಡೆ. ಕೆರೆಯ ದಂಡೆಯಲ್ಲಿ ಡ್ರ್ಯಾಗನ್ ಊರವರೆದುರು ಕೈ ಮುಗಿದು ನಿಂತಿದ್ದ. ಹೋಗಲೇ ಎಂದು ಕೇಳುತ್ತಿದ್ದ. ಒಬ್ಬ ಮುದುಕ ಮುಂದೆ ಬಂದು ತನ್ನ ಕೊಡದ ನೀರನ್ನು ಕೆರೆಗೆ ಸುರಿದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಎಲ್ಲರೂ ಮನೆಮನೆಯ ನೀರು ತಂದು ಕೆರೆಗೆ ಸುರಿದು, ಹೋಗು ಎಂದರು.

ಆಗಲೇ ಬಸ್ಸು ಬಂತು.

“ಚಲಾ ಚಲಾ, ಉದಗೀರ, ಉದಗೀರ!” ಕಂಡಕ್ಟರ್ ಬಾಗಿಲಲ್ಲಿ ನಿಂತು ಕೂಗಿದ. ನಾನು ತಲೆಯೆತ್ತಿ ನೋಡಿದೆ. ಇದನ್ನು ಮುಚ್ಚಿಡಲಾರೆ. ಕೇಳಲಿಲ್ಲ, ಕಾಣಲಿಲ್ಲ ಎಂದಲ್ಲ. ಬಸ್ಸಿನಲ್ಲಿ ಜಾಗವೂ ಇತ್ತು. ಇನ್ನು ಸ್ವಲ್ಪವೇ ಉಳಿದಿದೆ, ಮುಂದಿನ ಬಸ್ಸಿಗೆ ಹೋದರಾಯಿತು ಎಂದುಕೊಂಡೆ. ಬಸ್ಸು ಹೋಯಿತು.

ಡ್ರ್ಯಾಗನ್ ಕೋಟೆಗೆ ಹೋದ. ಬೆಂಕಿ ಉಗುಳಲಿಲ್ಲ. ಮನುಷ್ಯನಾಗಿ, ಹಿಮದಲ್ಲಿ ನಡೆದು, ದೊಡ್ಡ ಬಾಗಿಲು ಬಡಿದ. ಅವಳ ಹೆಸರು ಹೇಳಿ, ಕಳಿಸಿಕೊಡಿ ಎಂದು ಕೇಳಿದ. ಥೇಟ್ ಜಗು ಹೇಳಿದ್ದ ಹಾಗೆ. ನಾನು ಸ್ಟ್ಯಾಂಡಿನಲ್ಲಿ ಬಿಕ್ಕಿಬಿಕ್ಕಿ ಅತ್ತೆ. ಪಕ್ಕದಲ್ಲಿದ್ದ ಮುದುಕಿ, ಯಾರೋ ತೀರಿಕೊಂಡಿರಬೇಕೆಂದು ನನ್ನ ಬೆನ್ನು ಸವರಿದಳು. ಆ ಜಾಗವನ್ನು ಮತ್ತೊಮ್ಮೆ ಹಾಕಿ ನೋಡಿದೆ. ಮುಂದಿನ ಬಸ್ಸು ಬರಲಿಲ್ಲ. ಮಳೆ ಶುರುವಾಯಿತು. ಸ್ಟ್ಯಾಂಡಿನ ಹೊರಗೆ ಜೀಪುಗಳು ಉದಗೀರ ಉದಗೀರ ಎಂದು ಕೂಗುತ್ತಿದ್ದವು. ಮಳೆಯಲ್ಲಿ ಜೀಪಿನ ಹಿಂದೆ ಜೋತಾಡಿಕೊಂಡು ಯಾರು ಹೋಗಬೇಕು? ಜಗುವಿಗೆ ಫೋನ್ ಹಚ್ಚಿದೆ.

ಮೊದಲ ರಿಂಗಿಗೇ ಎತ್ತಿದಳು. “ಎಲ್ಲಿ ಬಂದಿ ಅಣ್ಣಾ?”

“ನಿಲಂಗಾದಾಗ ಇದ್ದೀನಿ. ಬಸ್ ಕೆಟ್ಟು ನಿಂತದ. ಬ್ಯಾರೇ ಬಸ್ ಇಲ್ಲ, ಮಳಿ ಬ್ಯಾರೇ. ಒಂದು ಕೆಲಸಾ ಮಾಡು, ನೀನೇ ಕುಂತು ಬಂದ್ಬಿಡು. ನಾ ಇಲ್ಲೇ ಇರ್ತೀನಿ.”

ಹಿಂದೆ ಅವಳ ಅತ್ತೆ “ಏನಂತಾನ? ಎಲ್ಲಿ ಮುಟ್ಟ್ಯಾನ?” ಎಂದು ಕೇಳುವುದು ಕೇಳಿಸಿತು.

“ನಾನೇ ಬರ್ಲಾ?” ಎಂದಳು ಜಗು.

“ಈಗಿನ ಕಾಲದಾಗ ಅದಕ್ಕೇನದ? ಯಾರ್ ಏನಂತಾರ?”

“ಆಯ್ತಣ್ಣಾ.”

ಅಲ್ಲಿಗೆ ಬಿಡಬೇಕಿತ್ತು. ಆದರೆ ಹೊಟ್ಟೆಯಲ್ಲಿ ಡ್ರ್ಯಾಗನ್ ಕುಣಿಯುತ್ತಿದ್ದ. ಒಳ್ಳೆಯ ಸುದ್ದಿ ಇದ್ದರೆ ಮೊದಲು ಜಗುವಿಗೆ ಹೇಳಿ ರೂಢಿ. ಬಾಯಿಗೆ ಬಂದುಬಿಟ್ಟಿತು.

“ಜಗು, ಅಂವಾ ಬಂದಾ ನೋಡು! ಕ್ವಾಟಿ ಸುಡ್ಲಿಲ್ಲ. ನೀ ಅಂದಾಂಗೇ, ಬಾಗಲಾ ಬಡದು ಕೇಳ್ದಾ!”

ಅಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಫೋನಿನಲ್ಲಿ ಮಳೆಯ ಸದ್ದು. ನನ್ನ ಕಡೆಯದೋ, ಅವಳ ಕಡೆಯದೋ.

“ಬಂದ್ನಾ?” ಎಂದಳು. “ಛಲೋ ಆಯ್ತು.”

ಫೋನ್ ಇಟ್ಟಳು.

ಕತ್ತಲಾಗುವವರೆಗೆ ಅದೇ ಬೆಂಚಿನ ಮೇಲೆ ಕುಳಿತೆ. ಉದಗೀರದ ಕಡೆಯಿಂದ ಬಂದ ಒಂದೊಂದು ಬಸ್ಸಿನಿಂದ ಇಳಿಯುವವರ ಮುಖ ನೋಡಿದೆ. ಅವಳು ಬರಲಿಲ್ಲ. ನಾನು ಹಚ್ಚಿದ ಫೋನನ್ನೂ ಎತ್ತಲಿಲ್ಲ.

ಕುಳಿತಲ್ಲಿ ಚಿಕ್ಕಂದಿನದೊಂದು ನೆನಪಾಯಿತು. ಔರಾದ ಶಹಾಜನಿ ನಮ್ಮ ಅವ್ವನ ತವರು. ಅಲ್ಲಿನ ಸಂತೆಯಲ್ಲಿ ಜಗುವನ್ನು ಬೆಲ್ಲದ ಅಂಗಡಿಯ ಮುಂದೆ ನಿಲ್ಲಿಸಿ, “ಇಲ್ಲೇ ನಿಂದ್ರು, ಬರ್ತೀನಿ” ಎಂದು ಹೇಳಿ, ಮಂಗನ ಆಟ ನೋಡಲು ಹೋಗಿ ಅವಳನ್ನು ಮರೆತೇಬಿಟ್ಟಿದ್ದೆ. ಮಾಮಾ ಕಿವಿ ಹಿಂಡಿ ಕರೆತಂದಾಗ ಸಂತೆ ಖಾಲಿಯಾಗಿತ್ತು, ಬೆಲ್ಲದವನು ಗಂಟು ಕಟ್ಟಿಕೊಂಡು ಹೋಗಿದ್ದ. ಇವಳು ಅದೇ ಜಾಗದಲ್ಲಿ, ನೊಣಗಳ ನಡುವೆ ನಿಂತಿದ್ದಳು. ಅತ್ತಿರಲಿಲ್ಲ. “ಮನಿಗಿ ಯಾಕ ಹೋಗ್ಲಿಲ್ಲ?” ಎಂದು ಮಾಮಾ ಕೇಳಿದರೆ, “ಅಣ್ಣ ಬರ್ತೀನಂದಾನ” ಎಂದಳು. ಆಗ ಮನೆಮಂದಿಯೆಲ್ಲ ನಕ್ಕಿದ್ದರು. ನಾನೂ ನಕ್ಕಿದ್ದೆ.

ಉಂಡಿಯ ಚೀಲ ಹೊತ್ತು ಒಬ್ಬನೇ ಮನೆಗೆ ಬಂದೆ.

“ಜಗು ಎಲ್ಲಿ?” ಎಂದಳು ಅವ್ವ.

“ಬಸ್ ಕೆಟ್ಟಿತ್ತು. ತಾನೇ ಬಾ ಅಂದೀನಿ.”

“ತಾನೇ?” ಅವ್ವ ಚೀಲವನ್ನು ಕೈಯಿಂದ ಕಸಿದುಕೊಂಡಳು. “ತಾನೇ ಬರ್ಲಾಕ ಆಕೀಗಿ ಅಣ್ಣ ಇಲ್ಲೇನು?”

ಮರುದಿನ ಪಂಚಮಿ. ನಮ್ಮಲ್ಲಿ ಅವತ್ತು ಒಲೆಯ ಮೇಲೆ ತವಾ ಇಡುವುದಿಲ್ಲ, ಏನನ್ನೂ ಕೊಯ್ಯುವುದಿಲ್ಲ, ಗಿರಣಿಯೂ ಬಂದ್. ಹೆಣ್ಣುಮಕ್ಕಳು ನಾಗಪ್ಪನಿಗೆ ಹಾಲೆರೆಯುವುದು ಅಣ್ಣತಮ್ಮಂದಿರು ಚೆನ್ನಾಗಿರಲಿ ಎಂದು. ನಾಗಪ್ಪ ಅವರಿಗೆ ಅಣ್ಣನ ಸಮಾನ. ನಾನು ಚೆನ್ನಾಗಿರಲೆಂದು ಉದಗೀರದಲ್ಲಿ ಒಬ್ಬಳು ಹಾಲೆರೆಯುತ್ತಿರುತ್ತಾಳೆ ಎಂದು ಯೋಚಿಸುತ್ತ, ಖಾಲಿ ಜೋಕಾಲಿ ಗಾಳಿಗೆ ಅಲುಗುವುದನ್ನು ನೋಡಿದೆ. ಆಗ ಹೊಳೆಯಿತು. ಅವಳು ಅಷ್ಟು ದಿನ ಅತ್ತದ್ದು ಪ್ರೀತಿ ಪ್ರೇಮಕ್ಕಲ್ಲ. ಗುಂಡಿ ಎಂದು ನಾನು ದಾಟಿದ ಜಾಗ ಗುಂಡಿಯಾಗಿರಲಿಲ್ಲ. ಒಬ್ಬ ಕರೆಯಲು ಬರುತ್ತಾನೋ ಇಲ್ಲವೋ ಎಂಬುದೇ ಅವಳ ಡ್ರಾಮಾ.

ಆಮೇಲಿನ ಒಂದು ವರ್ಷ ನಮ್ಮ ಫೋನ್ ಮಾತು ಮೊದಲಿನಂತಾಯಿತು. ಉಂಡ್ಯಾ, ಉಂಡೆ, ಇಡ್ಲಿ, ಇಡು. ಅವಳು ಜಗಳವಾಡಿದ್ದರೆ ಬದುಕುತ್ತಿದ್ದೆ. ದೀಪಾವಳಿಗೆ ಬರುತ್ತೇನೆಂದರೆ “ಬ್ಯಾಡಣ್ಣಾ, ದುಕಾನದಾಗ ಗದ್ದಲ ಅದ” ಎಂದಳು. ಹೊಸ ಡ್ರಾಮಾ ಬಂದಿದೆ ಎಂದರೆ “ನಾ ಈಗ ನೋಡಂಗಿಲ್ಲ” ಎಂದಳು. ಉದಗೀರದಿಂದ ಬಂದ ಹೆಂಗಸೊಬ್ಬಳು ಅವ್ವನಿಗೆ ಹೇಳಿದ ಮಾತು ನನ್ನ ಕಿವಿಗೂ ಬಿತ್ತು. ಜಗುವಿನ ಅತ್ತೆ ಓಣಿಯಲ್ಲಿ ಆಡಿಕೊಳ್ಳುತ್ತಾಳಂತೆ: “ನಮ್ಮ ಸೊಸೀ ತವರು ಸ್ಟ್ಯಾಂಡ್ ತನಕ ಬಂದು ತಿರುಗಿ ಹೋಗ್ತದ.”

ಈ ಸಲ ಪಂಚಮಿಗೆ ಮೊದಲು ಜಗು ಅವ್ವನಿಗೆ ಫೋನ್ ಮಾಡಿದಳು. “ಯಾರ್ನೂ ಕಳಸಬ್ಯಾಡ. ಇನ್ನ ನನ್ನ ಹೆಸರಿಲೆ ಜೋಕಾಲಿ ಕಟ್ಟಬ್ಯಾಡ್ರಿ” ಎಂದಳಂತೆ. ಅವ್ವ ಅದನ್ನು ನನಗೆ ಹೇಳಿ, ಜೋಕಾಲಿಯ ಹಗ್ಗವನ್ನು ನನ್ನ ಮುಂದೆ ತಂದು ಹಾಕಿ ಒಳಗೆ ಹೋದಳು.

ಹಗ್ಗ ಕಟ್ಟಿಯೇ ಹೊರಟೆ. ಫೋನನ್ನು ಅವ್ವನ ಕೈಗೆ ಕೊಟ್ಟೆ. ನಿಲಂಗಾದ ಸ್ಟ್ಯಾಂಡಿನಲ್ಲಿ ಬೆಂಚು ಖಾಲಿ ಇತ್ತು, ಕೂರಲಿಲ್ಲ. ಬಸ್ಸು ಬಂದ ಕೂಡಲೇ ಹೆಂಗಸರನ್ನೂ ತಳ್ಳಿಕೊಂಡು ಹತ್ತಿ ಬೈಸಿಕೊಂಡೆ. ಉದಗೀರದವರೆಗೂ ನನ್ನೊಳಗೆ ಒಂದೇ ಮಾತು ತಿರುಗುತ್ತಿತ್ತು. ಬೀಗರು ಕಳಿಸುವುದಿಲ್ಲ ಎಂದರೆ ಏನು ಹೇಳಬೇಕೆಂದು ನನಗೆ ಗೊತ್ತು. ಜಗುವೇ ಬರುವುದಿಲ್ಲ ಎಂದರೆ?

ಬೀಗರ ಮನೆಯ ಕಟ್ಟೆಯ ಮೇಲೆ ಜಗುವಿನ ಅತ್ತೆ ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದರು. ಮುಂಭಾಗದ ಅಂಗಡಿಯಲ್ಲಿ ದಾಜಿ, ಎಂದರೆ ಜಗುವಿನ ಗಂಡ, ಗಿರಾಕಿಗಳಿಗೆ ಸಕ್ಕರೆ ತೂಗುತ್ತಿದ್ದರು. ಎದುರು ಮನೆಯ ಹೆಂಗಸು ನನ್ನನ್ನು ಕಂಡು ಮರಾಠಿಯಲ್ಲಿ “ಅಗಬಾಯಿ, ಮುರಾಳಿ ಆಲಾ!” ಎಂದು ಕೂಗಿ ಬಾಗಿಲಿಗೆ ಬಂದು ನಿಂತಳು.

“ಶರಣ್ರೀ ಅವ್ವಾರ” ಎಂದೆ.

ಅತ್ತೆ ಮೊರದಿಂದ ತಲೆ ಎತ್ತಲಿಲ್ಲ. “ಯಾರ್ರಿ ನೀವು? ನಮ್ಮ ಸೊಸೀಗಿ ಅಣ್ಣ ಇದ್ದಾನಂತ ಕೇಳೀನಿ, ನೋಡಿಲ್ಲ.”

ಅಂಗಡಿಯ ಮುಂದಿನವರು ನಕ್ಕರು. ದಾಜಿ ತಕ್ಕಡಿ ಹಿಡಿದು ಹಾಗೇ ನಿಂತರು.

“ನಾನೇ ಅವ್ವಾರ. ಈರಣ್ಣ. ಜಗೂಗಿ ಪಂಚಮಿಗಿ ಕಳಸ್ರಿ ಅಂತ ಕೇಳ್ಲಾಕ ಬಂದೀನಿ.”

“ಹಾಂ? ಬಸ್ ಕೆಡ್ಲಿಲ್ಲೇನಪ್ಪಾ ಈ ಸಲ?”

“ಇಲ್ರಿ.”

ಆಗುವುದಿಲ್ಲ ಎನ್ನುತ್ತಾರೆ, ಮತ್ತೆ ಕೇಳೋಣ ಎಂದು ನಿಂತೆ. ಅವರು ಮೊರ ಕೆಳಗಿಟ್ಟರು. ದನಿಯಲ್ಲಿ ಕೊಂಕು ಇರಲಿಲ್ಲ. “ನೋಡಪ್ಪಾ, ನಾ ಹಿಡದಿಲ್ಲ. ನಿನ್ನೇನೇ ಹೋಗವ್ವಾ ಅಂದೀನಿ. ಆಕೀನೇ ಒಲ್ಲೆ ಅಂತಾಳ. ಹೋದ ವರ್ಷ ಆ ಹುಡುಗಿ ಈ ಕಟ್ಟೀ ಮ್ಯಾಲ ಬ್ಯಾಗ ಇಟ್ಕೊಂಡು ಹೆಂಗ ಕುಂತಿದ್ಳು, ನಾ ಕಂಡೀನಿ. ಕೇಳಾದಿದ್ರ ಆಕೀಗೇ ಕೇಳು.”

ಬಾಗಿಲು ತೆರೆದೇ ಇತ್ತು. ಆದರೂ ನಾನು ಹೊಸ್ತಿಲ ಹೊರಗೆ ನಿಂತು ಕದವನ್ನು ಬಡಿದೆ. ಒಳಗೆ ಪಾತ್ರೆಯ ಸದ್ದು ನಿಂತಿತು. ಜಗು ನಡುಮನೆಗೆ ಬಂದಳು. ಕೈ ಒದ್ದೆಯಿತ್ತು. ಸೊರಗಿದ್ದಳು. ಹೊಸ್ತಿಲವರೆಗೆ ಬರಲಿಲ್ಲ, ನಡುವೆಯೇ ನಿಂತಳು.

“ನಡಿ ಜಗು” ಎಂದೆ.

ಅವಳು ನನ್ನನ್ನು ನೋಡಿದಳು. ನನ್ನ ಹಿಂದೆ ನೆರೆದ ಓಣಿಯನ್ನು ನೋಡಿದಳು. ಎಲ್ಲರಿಗೂ ಕೇಳುವ ಹಾಗೆ ಕೇಳಿದಳು, “ಅವತ್ತ ಬಸ್ ಖರೇನೇ ಕೆಟ್ಟಿತ್ತೇನಣ್ಣಾ?”

ಹೌದು ಎಂದರೆ ಓಣಿಯಲ್ಲಿ ನನ್ನ ಮಾನ ಉಳಿಯುತ್ತಿತ್ತು.

“ಇಲ್ಲ ಜಗು” ಎಂದೆ. “ಬಸ್ ಬಂದಿತ್ತು. ಕಂಡಕ್ಟರ್ ಕರದ್ನು, ಜಾಗಾನೂ ಇತ್ತು. ನಾ ಹತ್ಲಿಲ್ಲ. ಬೆಂಚಿನ ಮ್ಯಾಲ ಕುಂತು ಆ ಡ್ರ್ಯಾಗನ್ನಂದು ನೋಡಿದೆ. ಅಂವಾ ಆಕೀಗಿ ಕರೀಲಾಕ ಹೋದಾ ಅಂತ ಹೆಂಗಸರಾಂಗ ಅತ್ತೆ. ನೀ ಇಲ್ಲಿ ಬ್ಯಾಗ ಹಿಡ್ಕೊಂಡು ಕುಂತೀ ಅಂತ ಗೊತ್ತಿದ್ದೂ ಎರಡು ಸಲ ನೋಡಿದೆ. ಮ್ಯಾಲಿಂದ ನಿನಗ ಸುಳ್ಳ ಹೇಳ್ದೆ. ಸಂತ್ಯಾಗೂ ನಿನಗ ಹಿಂಗೇ ನಿಂದ್ರಿಸಿ ಹೋಗಿದ್ದೆ. ನೀ ಬರಲಿ, ಬಿಡಲಿ, ಈ ಮಾತು ಎಲ್ಲಾರ ಮುಂದ ಅನ್ಬೇಕಂತ ಬಂದೀನಿ. ನಂದು ತಪ್ಪಾಯ್ತು ಜಗೂ. ತಪ್ಪಾಯ್ತವ್ವಾ.”